ಹುಟ್ಟು ಹಾಕಿದರೆ ದೋಣಿ ಯಾಕೆ ಹಿಂದೆ ಹೋಯಿತು?

(ಶಿರಸಿಯಲ್ಲಿ ಕಂಪ್ಯೂಟರ್ ಓದುವ ವಿದ್ಯಾರ್ಥಿಗಳು ಮತ್ತು ಶಾಲಾ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ತೆರೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಇರುವುದು ನಿಜವಾದ ಹುಟ್ಟು. ಪಾತಿ ದೋಣಿಗೆ ಹಾಕುವಂಥದ್ದು. ಕುಮಟಾದಿಂದ ಬಸ್ಸಿನ ಹಿಂದಿನ ಸೀಟಿನ ಅಡಿಗೆ ಉದ್ದಕ್ಕೆ ಮಲಗಿಸಿ, ದೇವಿಮನೆ ಘಟ್ಟ ಹತ್ತಿಸಿಕೊಂಡು ಬಂದೆ. ನಡುವೆ ಒಂದು ಕಬ್ಬಿಣದ ಕೊಂಡಿ ಕಾಣುತ್ತದೆ ನೋಡಿ. ಅದರೊಳಗೆ ಹಳೆ ರೇಡಿಯೋದಲ್ಲಿ ವಾಲ್ಯೂಮ್ ತಿರುಗಿಸಲು ಇರುತ್ತಿತ್ತಲ್ಲ, ಅಂಥ ಪೊಟೆನ್ಶಿಯೋಮೀಟರ್ ಇದೆ. ಅಲ್ಲಿಂದ ಒಂದು ಯುಎಸ್‌ಬಿ ವೈರ್ ಹೊರಬಂದಿದೆ. ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಹುಟ್ಟು ಹಾಕಿದರೆ ತೆರೆಯ ಮೇಲಿನ ದೋಣಿ ಮುಂದೆ ಹೋಗುತ್ತದೆ. ತದಡಿಯಿಂದ ಹೊರಟು ಅಳಿವೆ ದಾಟಿ ಅಘನಾಶಿನಿ ಊರಿನ ದಡ ಮುಟ್ಟಬೇಕು. ಆಟ ಅಷ್ಟೇ. ಇಲ್ಲೇ ನಿಮ್ಮ ಶಂಕರಹೊಂಡದಲ್ಲಿ ಹುಟ್ಟಿ ಕೆಳಗೆ ನಮ್ಮೂರ ಕಡೆ ಕಡಲು ಸೇರುವ ಅಘನಾಶಿನಿ ನದಿ ಅದು. ಹಾಗಾಗಿ ಈ ಆಟವನ್ನು ಶಿರಸಿಗೆ ತರುವ ಆಸೆ ಮೊದಲಿಂದಲೂ ಇತ್ತು.

ನಾನು ಹೊಟ್ಟೆಪಾಡಿಗೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇನೆ. ಆಟ ಬರೆಯುವುದು ಸಂಜೆಯ ಕೆಲಸ. ಎರಡು ವರ್ಷದ ಹಿಂದೆ ಪರಿಚಯದ ಶಿಕ್ಷಕರೊಬ್ಬರು ಕಾರವಾರದಲ್ಲಿ ಮಕ್ಕಳ ವಸ್ತುಪ್ರದರ್ಶನ ಇದೆ, ಏನಾದರೂ ಮಾಡಿಕೊಡು ಎಂದರು. ಕಡಲ ಬದಿಯ ಮಕ್ಕಳನ್ನು ಕೀಬೋರ್ಡಿನ ಮುಂದೆ ಕೂರಿಸಿ ಬಾಣದ ಗುರುತು ಒತ್ತಿಸಲು ಮನಸ್ಸಾಗಲಿಲ್ಲ. ಕೈಗೆ ಹುಟ್ಟೇ ಕೊಡೋಣ ಅನಿಸಿತು. ಅಲ್ಲಿಂದ ಶುರುವಾದದ್ದು ಮುಂದೆ ಮದ್ದಳೆಗೂ ಕುಂಟೆಬಿಲ್ಲೆ ಚಾಪೆಗೂ ಹೋಯಿತು. ಇಂಥ ವಸ್ತುಗಳು ಕಂಪ್ಯೂಟರಿಗೆ ಏನು ಹೇಳುತ್ತವೆ, ಅದನ್ನು ಆಟಕ್ಕೆ ಹೇಗೆ ಮುಟ್ಟಿಸಬೇಕು ಎನ್ನುವುದೇ ಇವತ್ತಿನ ಮಾತು.

ಬಳಸಿದ್ದು ಪೈಗೇಮ್. ಪೈಥಾನ್ ಭಾಷೆಯಲ್ಲಿ ಆಟ ಬರೆಯಲು ಪೀಟ್ ಶಿನ್ನರ್ಸ್ 2000ದಲ್ಲಿ ಶುರು ಮಾಡಿದ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು. ಅದರ ಅಡಿಯಲ್ಲಿ, ತೆರೆ, ಸದ್ದು, ಕೀಲಿಗಳ ಜೊತೆ ಮಾತಾಡುವ ಇನ್ನೊಂದು ಲೈಬ್ರರಿ, ಎಸ್‌ಡಿಎಲ್ ಇದೆ. ಸ್ಯಾಮ್ ಲಾಂಟಿಂಗಾ 1998ರಲ್ಲಿ ಬರೆದು ಬಿಟ್ಟದ್ದು. 2020ರ ಅಕ್ಟೋಬರಿನಲ್ಲಿ ಪೈಗೇಮ್ 2 ಬಂದಾಗ ಅಡಿಪಾಯ ಎಸ್‌ಡಿಎಲ್ 2 ಆಯಿತು. ವಿಚಿತ್ರ ಸಾಧನಗಳನ್ನು ಜೋಡಿಸುವವರಿಗೆ ಅದರಿಂದ ದೊಡ್ಡ ಅನುಕೂಲ ಆಯಿತು. ಆಟ ನಡೆಯುತ್ತಿರುವಾಗಲೇ ವೈರ್ ಸಿಕ್ಕಿಸಬಹುದು, ಕೀಳಬಹುದು. ಆಟಕ್ಕೆ ಸುದ್ದಿ ಬರುತ್ತದೆ.

ಈ ಸುದ್ದಿಗೇ ಈವೆಂಟ್ ಅನ್ನುವುದು. ಅಂಚೆ ಡಬ್ಬಿಯನ್ನು ನೆನಪಿಸಿಕೊಳ್ಳಿ. ಕೀಲಿ ಒತ್ತಿದರೆ ಒಂದು ಕಾಗದ ಬೀಳುತ್ತದೆ. ಮೌಸ್ ಸರಿದರೆ ಇನ್ನೊಂದು. ನಮ್ಮ ಆಟ ಸೆಕೆಂಡಿಗೆ 60 ಸಲ ಹೋಗಿ ಡಬ್ಬಿ ಖಾಲಿ ಮಾಡಿಕೊಂಡು ಬರುತ್ತದೆ. ಹೊಸಬರು ಇಲ್ಲೇ ಒಂದು ತಪ್ಪು ಮಾಡುತ್ತಾರೆ. ಮೆನು ನೋಡಿಕೊಳ್ಳುವ ಕೋಡು ಒಂದು ಸಲ ಡಬ್ಬಿ ಖಾಲಿ ಮಾಡುತ್ತದೆ, ದೋಣಿ ನೋಡಿಕೊಳ್ಳುವ ಕೋಡು ಇನ್ನೊಂದು ಸಲ. ಮೊದಲು ಹೋದವನು ಎಲ್ಲ ಕಾಗದ ಎತ್ತಿಕೊಂಡು, ತನ್ನದಲ್ಲದ್ದನ್ನು ಎಸೆದುಬಿಡುತ್ತಾನೆ. ಎರಡನೆಯವನಿಗೆ ಒಮ್ಮೊಮ್ಮೆ ಮಾತ್ರ ಏನಾದರೂ ಸಿಗುತ್ತದೆ. ಆಗ "ಹುಟ್ಟು ಹತ್ತು ಸಲ ಹಾಕಿದರೆ ಮೂರು ಸಲ ಕೆಲಸ ಮಾಡ್ತದೆ" ಅಂತ ಜನ ವೈರನ್ನು ಬೈಯುತ್ತಾರೆ. ವೈರಿನ ತಪ್ಪಲ್ಲ. ಡಬ್ಬಿ ತೆಗೆಯುವವನು ಒಬ್ಬನೇ ಇರಬೇಕು. ತೆಗೆದ ಮೇಲೆ ಬೇಕಾದವರಿಗೆಲ್ಲ ಹಂಚಲಿ.

ಡಬ್ಬಿಗೂ ಒಂದು ಮಿತಿ ಇದೆ. ಹಳೆಯ ಎಸ್‌ಡಿಎಲ್‌ನಲ್ಲಿ 128 ಈವೆಂಟ್ ಹಿಡಿಯುತ್ತಿತ್ತು. ಎಸ್‌ಡಿಎಲ್ 2ರಲ್ಲಿ 65535. ತುಂಬಿದರೆ ಹೊಸ ಕಾಗದ ಸದ್ದಿಲ್ಲದೆ ಹೊರಗೆ ಬೀಳುತ್ತದೆ.

ನಾನು ಮೊದಲು ಕಂಡ ವಿಚಿತ್ರ ಸಾಧನ ಅಂಗಡಿಯ ಬಾರ್‌ಕೋಡ್ ಸ್ಕ್ಯಾನರ್. ಹೆಚ್ಚಿನ ಸ್ಕ್ಯಾನರ್‌ಗಳು ಕಂಪ್ಯೂಟರಿಗೆ ತಾವು ಕೀಬೋರ್ಡು ಎಂದೇ ಪರಿಚಯ ಹೇಳಿಕೊಳ್ಳುತ್ತವೆ. ಸಾಬೂನಿನ ಮೇಲಿನ 13 ಅಂಕಿಗಳನ್ನು ಪಟಪಟನೆ ಟೈಪ್ ಮಾಡಿ ಕೊನೆಗೆ ಎಂಟರ್ ಒತ್ತುತ್ತವೆ. ಮನುಷ್ಯ ಅಷ್ಟು ಬೇಗ ಒತ್ತಲಾರ. ಎರಡು ಅಂಕಿಗಳ ನಡುವಿನ ಸಮಯ ನೋಡಿದರೆ ಇದು ಸ್ಕ್ಯಾನರೋ ಬೆರಳೋ ಎಂದು ಗೊತ್ತಾಗುತ್ತದೆ. ಸಾಧನ ತಾನು ಏನು ಅಂತ ಹೇಳಿಕೊಳ್ಳುತ್ತದೆ ಎನ್ನುವುದು ಬೇರೆ, ಅದು ನಿಜಕ್ಕೂ ಏನು ಎನ್ನುವುದು ಬೇರೆ. ಈ ಪಾಠ ನನಗೆ ಕಿರಾಣಿ ಅಂಗಡಿಯ ಗಲ್ಲೆಯ ಹತ್ತಿರ ಸಿಕ್ಕಿದ್ದು.

ಹುಟ್ಟಿಗೆ ಬರೋಣ. ಇದರ ಬುಡದಲ್ಲಿರುವುದು ಆರ್ಡುಯಿನೋ ಲಿಯೊನಾರ್ಡೊ ಬೋರ್ಡು, ನಾವು ಬರೆದ ಕೋಡು ಓಡಿಸುವ ಒಂದು ಸಣ್ಣ ಕಂಪ್ಯೂಟರು. ಅದರ ಚಿಪ್ಪಿಗೆ ಯುಎಸ್‌ಬಿ ಮಾತು ನೇರವಾಗಿ ಬರುತ್ತದೆ. ನಾನು ಜಾಯ್‌ಸ್ಟಿಕ್ ಅಂತ ಅದು ಕಂಪ್ಯೂಟರಿಗೆ ಹೇಳಬಲ್ಲದು. ಪೈಗೇಮ್ ಕಣ್ಣಿಗೆ ಜಾಯ್‌ಸ್ಟಿಕ್ ಅಂದರೆ ನಾಲ್ಕು ಬಗೆಯ ಅಂಗ. ಆಕ್ಸಿಸ್ ಅಂದರೆ ಮೈನಸ್ 1ರಿಂದ 1ರವರೆಗೆ ಜಾರುವ ಸಂಖ್ಯೆ. ಬಟನ್ ಒತ್ತಿದೆ ಅಥವಾ ಬಿಟ್ಟಿದೆ. ಹ್ಯಾಟ್ ಅಂದರೆ ಹೆಬ್ಬೆರಳಿಗೆ ಸಿಗುವ ಎಂಟು ದಿಕ್ಕಿನ ಗುಂಡಿ. ಬಾಲ್ ಅಂದರೆ ಉರುಳುವ ಚೆಂಡು, ಎಷ್ಟು ಉರುಳಿತು ಎಂದಷ್ಟೇ ಹೇಳುತ್ತದೆ. ಜಗತ್ತಿನ ಯಾವ ವಸ್ತುವನ್ನು ಜಾಯ್‌ಸ್ಟಿಕ್ ಮಾಡಿದರೂ ಈ ನಾಲ್ಕರ ವೇಷದಲ್ಲೇ ಬರಬೇಕು.

ಹ್ಯಾಟ್ ವೇಷ ಎಲ್ಲದಕ್ಕೂ ಒಪ್ಪುವುದಿಲ್ಲ. ಮಕ್ಕಳು ಕುಣಿಯುವ ಚಾಪೆಯಲ್ಲಿ ಎಡ ಮತ್ತು ಬಲ ಒಟ್ಟಿಗೆ ತುಳಿಯಬೇಕಾಗುತ್ತದೆ. ಹ್ಯಾಟ್‌ಗೆ ಅದನ್ನು ಹೇಳಲು ಬರುವುದೇ ಇಲ್ಲ. ಎಡ ಅಂದರೆ ಮೈನಸ್ 1, ಬಲ ಅಂದರೆ 1, ಎರಡೂ ಅನ್ನುವ ಸಂಖ್ಯೆ ಅದರಲ್ಲಿಲ್ಲ. ಅದಕ್ಕೇ ಕುಂಟೆಬಿಲ್ಲೆ ಚಾಪೆಯ ಎಂಟು ಮನೆಗಳನ್ನೂ ಎಂಟು ಬಟನ್ ಮಾಡಿದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ನಡುವೆ ತೂತು ಮಾಡಿದ ಸ್ಪಂಜು, ಕೆಳಗೆ ಇನ್ನೊಂದು ಹಾಳೆ. ತುಳಿದಾಗ ಎರಡು ಹಾಳೆ ಕೂಡುತ್ತವೆ. ಕೂಡುವ ಗಳಿಗೆಯಲ್ಲಿ ಒಂದಕ್ಕೊಂದು ಕೆಲವು ಸಲ ತಾಗಿ ಬಿಟ್ಟು ತಾಗುತ್ತವೆ. ಒಂದು ಹೆಜ್ಜೆಗೆ ನಾಲ್ಕೈದು ಈವೆಂಟ್ ಬಂದು ಬೀಳುತ್ತವೆ. ಒಮ್ಮೆ ಒತ್ತಿದ್ದು ಬಂದ ಮೇಲೆ 30 ಮಿಲಿಸೆಕೆಂಡ್ ಆ ಮನೆಯ ಮಾತು ಕೇಳಬೇಡ ಎಂದು ಬೋರ್ಡಿಗೆ ಬರೆದರೆ ಸರಿಹೋಗುತ್ತದೆ. ಚಾಪೆಯ ಕತೆ ಇಷ್ಟೇ.

ಮೊದಲು ಕೇಳಿಸಿಕೊಳ್ಳಿ

ಹೊಸ ಸಾಧನ ಕೈಗೆ ಬಂದರೆ ಆಟ ಬರೆಯಲು ಕೂರಬೇಡಿ. ಬಂದ ಈವೆಂಟ್ ಎಲ್ಲವನ್ನೂ ಸುಮ್ನೆ ತೆರೆಯ ಮೇಲೆ ಅಚ್ಚು ಮಾಡುವ ಹತ್ತು ಸಾಲಿನ ಪ್ರೋಗ್ರಾಂ ಬರೆಯಿರಿ. ಅರ್ಧ ಗಂಟೆ ಅದನ್ನು ನೋಡಿ. ನನ್ನ ಮಟ್ಟಿಗೆ ಈ ಅರ್ಧ ಗಂಟೆಯಲ್ಲಿ ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ.

ಹುಟ್ಟಿನ ಮೊದಲ ಸಂಜೆ ಹೀಗಾಯಿತು. ವೈರ್ ಸಿಕ್ಕಿಸಿದೆ. ಏನೂ ಬರಲಿಲ್ಲ. ಜಾಯ್‌ಸ್ಟಿಕ್ ಸಿಕ್ಕಿತು ಅಂತ ಪ್ರೋಗ್ರಾಂ ಹೇಳುತ್ತದೆ, ಅಲ್ಲಾಡಿಸಿದರೆ ಮೌನ. ಕೊನೆಗೆ ನೋಡಿದರೆ, ಜಾಯ್‌ಸ್ಟಿಕ್ ತೆರೆಯುವ ಕೆಲಸವನ್ನು ಒಂದು ಫಂಕ್ಷನ್ ಒಳಗೆ ಮಾಡಿದ್ದೆ. ಫಂಕ್ಷನ್ ಮುಗಿದ ಕೂಡಲೇ ಆ ಆಬ್ಜೆಕ್ಟನ್ನು ಹಿಡಿದುಕೊಂಡವರು ಯಾರೂ ಇರಲಿಲ್ಲ. ಪೈಥಾನ್ ಅದನ್ನು ಗುಡಿಸಿ ಹಾಕಿತು. ಸಾಧನ ಮುಚ್ಚಿಹೋಯಿತು. ಹೊರಗೆ ಒಂದು ಪಟ್ಟಿ ಮಾಡಿ ಅದರಲ್ಲಿ ಇಟ್ಟುಕೊಂಡೆ. ಸಂಖ್ಯೆಗಳು ಸುರಿಯಲು ಶುರುವಾದವು.

ಒಮ್ಮೆ ಅಲ್ಲಾಡಿಸಿ ಕೈಬಿಟ್ಟೆ. ಹುಟ್ಟು ನಿಂತಿತು. ಸಂಖ್ಯೆ ನಿಲ್ಲಲಿಲ್ಲ. 0.113, 0.115, 0.113, 0.111 ಅಂತ ಬರುತ್ತಲೇ ಇತ್ತು. ಬೋರ್ಡು ವೋಲ್ಟೇಜನ್ನು 0ಯಿಂದ 1023ರವರೆಗಿನ ಮೆಟ್ಟಿಲಾಗಿ ಅಳೆಯುತ್ತದೆ. ಕೊನೆಯ ಮೆಟ್ಟಿಲು ಯಾವಾಗಲೂ ಸ್ವಲ್ಪ ನಡುಗುತ್ತದೆ. ಒಂದು ಮೆಟ್ಟಿಲೆಂದರೆ ಪೈಗೇಮ್ ಲೆಕ್ಕದಲ್ಲಿ ಸುಮಾರು 0.002. ನಡುಗಿದಾಗಲೆಲ್ಲ ಒಂದು ಈವೆಂಟ್. ಹಾಗಾಗಿ ಆರೇಳು ಮೆಟ್ಟಿಲಿಗಿಂತ ಕಮ್ಮಿ ಬದಲಾದರೆ ಲೆಕ್ಕಕ್ಕೆ ಹಿಡಿಯಬೇಡ ಎಂಬ ಒಂದು ಸಾಲು ಬೇಕಾಯಿತು.

ಎರಡನೆಯ ಸಂಗತಿ. ನಿಂತ ಹುಟ್ಟಿನ ಸಂಖ್ಯೆ ಸೊನ್ನೆ ಅಲ್ಲ. ಮುಂದೆ ಪೂರ್ತಿ ಚಾಚಿದರೆ 0.35, ಹಿಂದೆ ಪೂರ್ತಿ ಎಳೆದರೆ ಮೈನಸ್ 0.12. ಈ ಪೊಟೆನ್ಶಿಯೋಮೀಟರ್ ಒಟ್ಟು 300 ಡಿಗ್ರಿ ತಿರುಗುತ್ತದೆ. ಹುಟ್ಟು ತಿರುಗುವುದು ಸುಮಾರು 70 ಡಿಗ್ರಿ. ಅಂದರೆ 1023 ಮೆಟ್ಟಿಲಲ್ಲಿ ನಮ್ಮ ಕೈಗೆ ಸಿಗುವುದು 240ರ ಹತ್ತಿರ. ಅಷ್ಟು ಸಾಕು. ಆದರೆ ಎಲ್ಲಿಂದ ಎಲ್ಲಿಗೆ ಅಂತ ಗೊತ್ತಿರಬೇಕು. ಕೋಡಿನಲ್ಲಿ 0.35 ಅಂತ ಬರೆದಿಡಬೇಡಿ. ಕೊಂಡಿಯ ತಿರುಪು ಸ್ವಲ್ಪ ಸಡಿಲಾದರೆ ಎಲ್ಲ ಸಂಖ್ಯೆಯೂ ಜಾರುತ್ತದೆ. ಆಟದ ಶುರುವಿಗೆ "ಹುಟ್ಟನ್ನು ಪೂರ್ತಿ ಮುಂದೆ ಚಾಚಿ, ಪೂರ್ತಿ ಹಿಂದೆ ಎಳೆಯಿರಿ" ಎಂದು ಕೇಳಿ, ಅಲ್ಲಿ ಕಂಡ ಅತಿ ಕಮ್ಮಿ ಮತ್ತು ಅತಿ ಜಾಸ್ತಿ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಕುಳ್ಳ ಮಗುವಿನ ಕೈಗೂ ಎತ್ತರದ ಶಿಕ್ಷಕರ ಕೈಗೂ ಆಗ ಒಂದೇ ನ್ಯಾಯ ಸಿಗುತ್ತದೆ.

ಇದಕ್ಕೂ ಮೊದಲು ಆರ್ಡುಯಿನೋದ್ದೇ ಇನ್ನೊಂದು ಬಗೆಯಾದ ಉನೊ ಬೋರ್ಡು ಬಳಸಿ ಸೀರಿಯಲ್ ವೈರಿನಲ್ಲಿ, ಅಂದರೆ ಒಂದರ ಹಿಂದೆ ಒಂದು ಸಾಲಾಗಿ, ಸಂಖ್ಯೆ ಕಳಿಸಿದ್ದೆ. ಆ ಕತೆಯನ್ನೂ ಹೇಳಬೇಕು, ಯಾಕೆಂದರೆ ನಿಮ್ಮಲ್ಲಿ ಜಾಸ್ತಿ ಜನರ ಹತ್ತಿರ ಇರುವುದು ಉನೊ. ಬೋರ್ಡು ಸೆಕೆಂಡಿಗೆ 200 ಸಾಲು ಕಳಿಸುತ್ತಿತ್ತು. ಆಟ ಪ್ರತಿ ಫ್ರೇಮಿಗೆ, ಅಂದರೆ ತೆರೆಯ ಚಿತ್ರ ಹೊಸದಾಗಿ ಬಿಡಿಸಿದ ಪ್ರತಿ ಸಲ, ಒಂದು ಸಾಲು ಓದುತ್ತಿತ್ತು. ಅಂದರೆ ಸೆಕೆಂಡಿಗೆ 60. ಮೂರು ಸೆಕೆಂಡ್ ಆಡುವಷ್ಟರಲ್ಲಿ ಕಳಿಸಿದ್ದು 600, ಓದಿದ್ದು 180. ಬಾಕಿ 420. ಈಗ ಹಾಕಿದ ಹುಟ್ಟಿನ ಸುದ್ದಿ ಆ 420 ಸಾಲಿನ ಹಿಂದೆ ನಿಂತಿದೆ. ದೋಣಿ ಏಳು ಸೆಕೆಂಡ್ ತಡವಾಗಿ ಚಲಿಸುತ್ತದೆ. ಆಡುವವನಿಗೆ ಕಂಪ್ಯೂಟರ್ ಸ್ಲೋ ಅನಿಸುತ್ತದೆ. ಕಂಪ್ಯೂಟರ್ ಸ್ಲೋ ಅಲ್ಲ, ಅದು ಹಳೆಯ ಕಾಗದ ಓದುತ್ತಾ ಕೂತಿದೆ. ಹಾಗಂತ ಎಲ್ಲ ಸಾಲು ಬರುವವರೆಗೆ ಕಾಯುತ್ತಾ ಕೂತರೆ ಆಟವೇ ಹೆಪ್ಪುಗಟ್ಟುತ್ತದೆ.

ದಾರಿ ಹೀಗಿದೆ. ಸೀರಿಯಲ್ ಓದಲು ಒಂದು ಬೇರೆ ಥ್ರೆಡ್ ಬಿಡಿ, ಅಂದರೆ ಆಟದ ಜೊತೆಜೊತೆಗೇ ಬೇರೆಯಾಗಿ ಓಡುವ ಕೋಡು. ಅದು ಬಂದದ್ದನ್ನೆಲ್ಲ ಓದಿ, ಅರ್ಥ ಇರುವ ಬದಲಾವಣೆ ಆದಾಗ ಮಾತ್ರ ಪೈಗೇಮಿನ ಡಬ್ಬಿಗೆ ನಮ್ಮದೇ ಬಗೆಯ ಒಂದು ಈವೆಂಟ್ ಹಾಕಲಿ. ಪೈಗೇಮ್ 2ರಲ್ಲಿ ನಮ್ಮ ಸ್ವಂತ ಬಗೆಯ ಈವೆಂಟಿಗೆ ಒಂದು ಹೊಸ ನಂಬರ್ ಕೇಳಿ ಪಡೆಯಬಹುದು. ಬೇರೆ ಥ್ರೆಡ್‌ನಿಂದ ಡಬ್ಬಿಗೆ ಹಾಕುವುದಕ್ಕೂ ಅಡ್ಡಿಯಿಲ್ಲ. ಆಮೇಲೆ ಆಟಕ್ಕೆ ಅದು ಕೀಬೋರ್ಡಿನ ಕಾಗದದ ಪಕ್ಕದಲ್ಲೇ ಸಿಗುತ್ತದೆ.

ಅಂಬಿಗರ ಅಜ್ಜ ಹೇಳಿದ್ದು

ಇಷ್ಟೆಲ್ಲ ಆದಮೇಲೆ ದೋಣಿ ಚೆನ್ನಾಗಿ ಓಡುತ್ತಿತ್ತು ಅಂತಲೇ ತಿಳಿದಿದ್ದೆ. ಹುಟ್ಟು ಹಿಂದೆ ಎಳೆದರೆ ದೋಣಿ ಮುಂದೆ. ಹುಟ್ಟು ಮುಂದೆ ತಳ್ಳಿದರೆ ದೋಣಿ ಹಿಂದೆ. ಆಕ್ಸಿಸ್ ಎಷ್ಟು ಸರಿಯಿತೋ ದೋಣಿಗೆ ಅಷ್ಟು ಬಲ. ನೋಡಲು ತುಂಬಾ ಅಚ್ಚುಕಟ್ಟು. ಆದರೆ ದೋಣಿ ನಿಂತಲ್ಲೇ ಮುಂದೆ ಹಿಂದೆ ತೊನೆಯುತ್ತಿತ್ತು. ಅದಕ್ಕೆ ಹಿಂದೆ ಹೋಗುವ ಬಲವನ್ನು ಅರ್ಧ ಮಾಡಿದೆ. ಹೇಗೋ ದಡ ಸೇರುತ್ತಿತ್ತು.

ಹುಟ್ಟು ಕೊಟ್ಟವರು ಅಘನಾಶಿನಿ ಹೊಳೆಯಲ್ಲಿ ಬಾಳಿಡೀ ದೋಣಿ ನಡೆಸಿದ ಒಬ್ಬ ಹಿರಿಯರು. ಆಟ ತೋರಿಸಲು ಅವರ ಮನೆಗೇ ಹೋದೆ. ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಹುಟ್ಟು ಕೈಗೆ ಕೊಟ್ಟೆ. ಅವರು ನಾಲ್ಕು ಸಲ ಹಾಕಿದರು. ನಿಲ್ಲಿಸಿ ತೆರೆ ನೋಡಿದರು. ಮತ್ತೆ ಹಾಕಿದರು, ಈ ಸಲ ನಿಧಾನಕ್ಕೆ. ಎಳೆದರು. ಆಮೇಲೆ ಹುಟ್ಟಿನ ತುದಿಯನ್ನು ಮೇಲೆತ್ತಿ, ಗಾಳಿಯಲ್ಲೇ ಮುಂದೆ ತಂದರು. ದೋಣಿ ಹಿಂದೆ ಹೋಯಿತು.

"ಹುಟ್ಟು ನೀರಿಂದ ಮೇಲೆ ಅದೆ. ದೋಣಿ ಹಿಂದೆ ಎಂತಕೆ ಹೋತದೆ ತಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಟ್ಟು ನೀರಲ್ಲಿದೆಯೋ ಗಾಳಿಯಲ್ಲಿದೆಯೋ ಎನ್ನುವುದನ್ನು ನನ್ನ ಸಾಧನ ಹೇಳುತ್ತಲೇ ಇರಲಿಲ್ಲ. ಆಕ್ಸಿಸ್ ಹೇಳುತ್ತಿದ್ದುದು ಕೋನ ಮಾತ್ರ. ಕೋನಕ್ಕೂ ಹುಟ್ಟು ಹಾಕುವುದಕ್ಕೂ ಎಷ್ಟು ದೂರ ಅಂತ ಅವರ ಕೈ ನೋಡಿದ ಮೇಲೆ ತಿಳಿಯಿತು. ನಾನು ಅದುವರೆಗೆ ವಾರಗಟ್ಟಲೆ ಸಂಖ್ಯೆ ನೋಡಿದ್ದೆ. ಹುಟ್ಟು ಹಾಕುವವರ ಕೈ ನೋಡಿರಲಿಲ್ಲ.

ಕೊಂಡಿಯ ಕೆಳಗೆ ಒಂದು ಸಣ್ಣ ಸ್ವಿಚ್ಚು ಸೇರಿಸಿದೆ. ತುದಿ ಕೆಳಗಿಳಿದರೆ ಟಕ್ ಅಂತ ಒತ್ತುತ್ತದೆ. ಅದು ಜಾಯ್‌ಸ್ಟಿಕ್‌ನ ಒಂದು ಬಟನ್. ಈಗ ನಿಯಮ ಬದಲಾಯಿತು. ಬಟನ್ ಒತ್ತಿರುವಾಗ ಆಕ್ಸಿಸ್ ಸರಿದರೆ ಮಾತ್ರ ದೋಣಿಗೆ ಬಲ. ಬಟನ್ ಬಿಟ್ಟಾಗ ಆಕ್ಸಿಸ್ ಎಷ್ಟೇ ಓಡಾಡಲಿ, ದೋಣಿಗೆ ಸಂಬಂಧವಿಲ್ಲ. ಬಲ ಎಷ್ಟು ಎನ್ನುವುದು ಎಷ್ಟು ದೂರ ಸರಿಯಿತು ಎಂಬುದರ ಮೇಲಲ್ಲ, ಎಷ್ಟು ಬೇಗ ಸರಿಯಿತು ಎಂಬುದರ ಮೇಲೆ. ಹಾಗಾಗಿ ಹಿಂದಿನ ಸಂಖ್ಯೆಯ ಜೊತೆ ಹಿಂದಿನ ಸಮಯವನ್ನೂ ಇಟ್ಟುಕೊಳ್ಳಬೇಕು. ಫ್ರೇಮ್ ಎಣಿಸಿ ವೇಗ ಲೆಕ್ಕ ಹಾಕಬೇಡಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಫ್ರೇಮು ಕಮ್ಮಿಯಾದರೆ ಅದೇ ಕೈಗೆ ಬೇರೆ ಬಲ ಬರುತ್ತದೆ.

ಎರಡನೆಯ ಸಲ ಹೋದಾಗ ಅವರು ಇನ್ನೊಂದು ಕೇಳಿದರು. ಹುಟ್ಟನ್ನು ಒಂದು ಬದಿ ನೀರಲ್ಲಿ ಇಳಿಸಿ, ಅಲ್ಲಾಡಿಸದೆ ಗಟ್ಟಿಯಾಗಿ ಹಿಡಿದರೆ ದೋಣಿ ಆ ಬದಿಗೆ ತಿರುಗಬೇಕಲ್ಲ? ನಿಜ. ಆದರೆ ಇಲ್ಲೊಂದು ತೊಡಕು. ಅಲ್ಲಾಡದ ಹುಟ್ಟು ಈವೆಂಟ್ ಕಳಿಸುವುದಿಲ್ಲ. ಡಬ್ಬಿ ಖಾಲಿ. ನಮ್ಮ ಕೋಡು ಈವೆಂಟ್ ಬಂದಾಗ ಮಾತ್ರ ಎಚ್ಚರಾಗುವಂತೆ ಬರೆದಿದ್ದರೆ, ಗಟ್ಟಿಯಾಗಿ ಹಿಡಿದ ಹುಟ್ಟು ಅದಕ್ಕೆ ಕಾಣುವುದೇ ಇಲ್ಲ. ಆದ್ದರಿಂದ ಬದಲಾವಣೆಯನ್ನು ಈವೆಂಟಿನಿಂದ ತಿಳಿಯಬೇಕು, ಇರುವ ಸ್ಥಿತಿಯನ್ನು ಪ್ರತಿ ಫ್ರೇಮಿನಲ್ಲೂ ನಾವೇ ಕೇಳಬೇಕು. ಬಟನ್ ಇನ್ನೂ ಒತ್ತಿದೆಯಾ? ಆಕ್ಸಿಸ್ ಸರಿದು 200 ಮಿಲಿಸೆಕೆಂಡ್ ಆಯಿತಾ? ಹಾಗಿದ್ದರೆ ಹುಟ್ಟು ನೀರಲ್ಲಿ ನಿಂತಿದೆ, ದೋಣಿ ತಿರುಗಲಿ. ಸುಮ್ನಿರುವುದೂ ಆಟಕ್ಕೆ ಒಂದು ಸುದ್ದಿ, ಅಲ್ವಾ?

ಈ ತಿಳಿವಳಿಕೆಯನ್ನೆಲ್ಲ ದೋಣಿಯ ಕೋಡಿನೊಳಗೆ ತುಂಬಲಿಲ್ಲ. ನಡುವೆ ಒಂದು ಪದರ ಮಾಡಿದೆ. ಅದು ಆಕ್ಸಿಸ್, ಬಟನ್, ಸಮಯ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಎರಡೇ ಬಗೆಯ ಸ್ವಂತ ಈವೆಂಟ್ ಹೊರಗೆ ಹಾಕುತ್ತದೆ. ಒಂದು, "ಹುಟ್ಟು ಬಿತ್ತು": ಯಾವ ಬದಿ, ಎಷ್ಟು ಬಲ. ಇನ್ನೊಂದು, "ಹುಟ್ಟು ತಡೆದಿದೆ": ಯಾವ ಬದಿ. ದೋಣಿಗೆ ಈ ಎರಡು ಮಾತು ಬಿಟ್ಟು ಜಾಯ್‌ಸ್ಟಿಕ್ ಎನ್ನುವ ಶಬ್ದವೇ ಗೊತ್ತಿಲ್ಲ.

ಇದು ಕಾರವಾರದಲ್ಲಿ ಕೈಹಿಡಿಯಿತು. ಪ್ರದರ್ಶನದ ಮೊದಲ ದಿನ ಒಬ್ಬಳು ಹುಡುಗಿ ಬಂದಳು. ಅವಳ ಬೆರಳು ಮಡಚುವುದಿಲ್ಲ, ಹುಟ್ಟು ಹಿಡಿಯಲು ಆಗುವುದಿಲ್ಲ. ಬಹಳ ಹೊತ್ತು ಪಕ್ಕದಲ್ಲಿ ನಿಂತು ನೋಡಿದಳು. ಆ ರಾತ್ರಿಯೇ ಒಂದು ಊಟದ ಡಬ್ಬಿಯ ಮುಚ್ಚಳಕ್ಕೆ ಅಗಲವಾದ ಗುಂಡಿ ಕೂರಿಸಿದೆ. ಅಂಗೈಯಿಂದ ಒತ್ತಬಹುದು. ಒತ್ತಿದರೆ "ಹುಟ್ಟು ಬಿತ್ತು". ಬಲ ಎಷ್ಟು ಅಂದರೆ, ಹಿಂದಿನ ಒತ್ತಿಗೂ ಈ ಒತ್ತಿಗೂ ನಡುವಿನ ಅಂತರ ಒಂದೇ ಸಮ ಇದ್ದಷ್ಟೂ ಜಾಸ್ತಿ. ಲಯ ತಪ್ಪಿದರೆ ಕಮ್ಮಿ. ದೋಣಿಯ ಕೋಡಿನಲ್ಲಿ ಒಂದಕ್ಷರ ಬದಲಾಗಲಿಲ್ಲ. ಮರುದಿನ ಅವಳು ಹುಟ್ಟು ಹಿಡಿದ ಹುಡುಗರ ಜೊತೆಗೇ ಆಡಿ ಅವರಲ್ಲಿ ಇಬ್ಬರಿಗಿಂತ ಮೊದಲು ದಡ ಮುಟ್ಟಿದಳು.

ಗುಂಡಿಯ ವೈರನ್ನು ನೇರ ಬೆಸೆಯದೆ 3.5 ಮಿಲಿಮೀಟರಿನ ಜಾಕ್ ಹಾಕಿದ್ದೆ, ಹಳೆ ಇಯರ್‌ಫೋನಿಗೆ ಇರುವಂಥದ್ದು. ಕೈಕಾಲು ಆಡದವರಿಗಾಗಿ ಮಾಡುವ ಸ್ವಿಚ್ಚುಗಳು ಹೆಚ್ಚಾಗಿ ಇದೇ ಪಿನ್ನಿನಲ್ಲಿ ಬರುತ್ತವೆ. ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರಿನ ಹಿಂಬದಿಯಲ್ಲೂ ಸಾಲಾಗಿ ಇವೇ ಜಾಕ್‌ಗಳಿವೆ. ಶಿಕ್ಷಕರು ದಯವಿಟ್ಟು ಇದೊಂದನ್ನು ಬರೆದುಕೊಳ್ಳಿ. ನೀವು ಮಾಡುವ ಯಾವುದೇ ಸಾಧನಕ್ಕೆ ಈ ಒಂದು ಜಾಕ್ ಇರಲಿ.

ಮದ್ದಳೆ

ಸಿದ್ದಾಪುರದ ಕಡೆಯ ಸ್ನೇಹಿತರ ಮನೆಯಲ್ಲಿ ಬಳಸದೆ ಇಟ್ಟ ಮದ್ದಳೆ ಇತ್ತು. ಯಕ್ಷಗಾನದ ತಾಳ ಕಲಿಸುವ ಆಟ ಮಾಡಬಹುದಾ ಎಂದು ಅವರು ಕೇಳಿದರು. ಚರ್ಮದ ಅಂಚಿಗೆ ರೂಪಾಯಿ ನಾಣ್ಯದಷ್ಟು ತೆಳುವಾದ ಪೀಜೋ ಬಿಲ್ಲೆ ಅಂಟಿಸಿದೆವು. ಬಡಿದಾಗ ಅದು ಅದುರಿ ಸಣ್ಣ ವೋಲ್ಟೇಜ್ ಕೊಡುತ್ತದೆ. ಇಲ್ಲಿ ಜಾಯ್‌ಸ್ಟಿಕ್ ವೇಷ ಬೇಡ ಅನಿಸಿತು. ತಾಳವಾದ್ಯಕ್ಕೆ ಅದರದೇ ಭಾಷೆ ಇದೆ, ಮಿಡಿ. 1983ರಿಂದ ಸಿಂಥಸೈಜರುಗಳು ಆಡುತ್ತಿರುವ ಭಾಷೆ. ಒಂದು ಬಡಿತಕ್ಕೆ ಮೂರು ಸಂಖ್ಯೆ. ಏನಾಯಿತು, ಯಾವ ಸ್ವರ, ಎಷ್ಟು ಜೋರು. ಜೋರು ಎಂಬುದು 0ಯಿಂದ 127ರವರೆಗೆ. ಬೆರಳ ತುದಿಯ ಪೆಟ್ಟಿಗೂ ಅಂಗೈಯ ಪೆಟ್ಟಿಗೂ ಇರುವ ವ್ಯತ್ಯಾಸ ಅದರಲ್ಲಿ ಬರುತ್ತದೆ. ಬಟನ್‌ಗೆ ಅದು ಸಾಧ್ಯವಿಲ್ಲ.

ಪೈಗೇಮಿನಲ್ಲಿ ಮಿಡಿಗೆ ಬೇರೆ ಕೋಣೆ ಇದೆ. ಅಲ್ಲಿಯ ಸುದ್ದಿ ತಾನಾಗಿ ಡಬ್ಬಿಗೆ ಬಂದು ಬೀಳುವುದಿಲ್ಲ. ನಾವೇ ಹೋಗಿ ಏನಾದರೂ ಬಂದಿದೆಯಾ ಎಂದು ಕೇಳಿ, ಓದಿ, ಈವೆಂಟಾಗಿ ಬದಲಾಯಿಸಿ ಡಬ್ಬಿಗೆ ಹಾಕಬೇಕು. ಬದಲಾಯಿಸುವ ಫಂಕ್ಷನ್ ಅದರಲ್ಲೇ ಇದೆ.

ಮೊದಲ ದಿನ ಒಂದು ಪೆಟ್ಟಿಗೆ ಮೂರು ಲೆಕ್ಕ ಬಂತು. ಕಾರಣ ಒಂದಲ್ಲ, ಎರಡು. ಚರ್ಮ ಬಡಿದ ಮೇಲೂ ಅದುರುತ್ತಿರುತ್ತದೆ. ಆ ಅದುರನ್ನೇ ಎರಡನೆಯ ಪೆಟ್ಟು ಅಂದುಕೊಂಡದ್ದು ಒಂದು ಕಾರಣ. ಒಂದು ಪೆಟ್ಟಿನ ನಂತರ 40 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಂಡರೆ ಅದು ಹೋಗುತ್ತದೆ. ತುಂಬಾ ಹೊತ್ತು ಮುಚ್ಚಿದರೆ ಬೇಗದ ನಡೆಯಲ್ಲಿ ನಿಜವಾದ ಪೆಟ್ಟುಗಳೇ ಕಳೆದುಹೋಗುತ್ತವೆ. ಅಲ್ಲಿ ಮದ್ದಳೆ ನುಡಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಸಂಖ್ಯೆ ಹುಡುಕಬೇಕು. ಎರಡನೆಯ ಕಾರಣ ಮಿಡಿಯದೇ ನಿಯಮ. "ಸ್ವರ ಶುರು" ಎಂದು ಹೇಳಿ ಜೋರು 0 ಅಂತ ಕಳಿಸಿದರೆ ಅದರ ಅರ್ಥ ಸ್ವರ ಮುಗಿಯಿತು ಅಂತ. ನಾನು ಅದನ್ನೂ ಪೆಟ್ಟು ಎಂದು ಎಣಿಸುತ್ತಿದ್ದೆ.

ತಾಳದ ಆಟದಲ್ಲಿ ಇನ್ನೊಂದು ಸೂಕ್ಷ್ಮ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸುಮಾರು 17 ಮಿಲಿಸೆಕೆಂಡ್. ಪೆಟ್ಟು ಬಿದ್ದ ಗಳಿಗೆಯನ್ನು ಫ್ರೇಮಿನ ಗಡಿಯಾರದಿಂದ ಅಳೆದರೆ ಅಷ್ಟು ಹಿಂದೆ ಮುಂದೆ ಆಗುತ್ತದೆ. ಸರಿಯಾಗಿ ನುಡಿಸಿದವನಿಗೆ ತಪ್ಪು ಎಂದು ತೋರಿಸಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಮಿಡಿ ಓದಿದಾಗ ಪ್ರತಿ ಸುದ್ದಿಯ ಜೊತೆ ಮಿಲಿಸೆಕೆಂಡಿನ ಸಮಯವೂ ಬರುತ್ತದೆ. ತೀರ್ಪು ಆ ಸಮಯದ ಮೇಲೆ ಇರಲಿ, ನಾವು ಓದಿದ ಸಮಯದ ಮೇಲೆ ಬೇಡ.

ಮಳೆಗಾಲದಲ್ಲಿ ಚರ್ಮ ತಣ್ಣಗಾಗಿ ಸಡಿಲಾಗುತ್ತದೆ. ಅದೇ ಪೆಟ್ಟಿಗೆ ಕಮ್ಮಿ ಸಂಖ್ಯೆ. ಹಾಗಾಗಿ ಇಲ್ಲಿಯೂ ಶುರುವಿಗೆ "ಮೆಲ್ಲಗೆ ಒಂದು, ಜೋರಾಗಿ ಒಂದು" ಎಂದು ಕೇಳಿ ಅಳತೆ ಹಿಡಿಯುತ್ತೇವೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಸ್ವಿಚ್ಚಿನ ತಗಡೂ ಬೇಗ ಕಪ್ಪಾಗುತ್ತದೆ. ಹುಟ್ಟಿನ ಸ್ವಿಚ್ಚನ್ನು ಈಗಾಗಲೇ ಎರಡು ಸಲ ಬದಲಾಯಿಸಿದ್ದೇನೆ.

ಪ್ರದರ್ಶನದಲ್ಲಿ ಆದ ಎರಡು ಸಣ್ಣ ಸಂಗತಿ ಹೇಳಿ ಪ್ರಶ್ನೆಗಳಿಗೆ ಹೋಗುತ್ತೇನೆ. ಆಟದ ನಡುವೆ ತೆರೆಯ ಮೂಲೆಯಲ್ಲಿ ಯಾವುದೋ ಅಪ್‌ಡೇಟಿನ ಕಿಟಕಿ ಬಂತು. ಹುಟ್ಟು ಸತ್ತಂತಾಯಿತು. ಆಟದ ಕಿಟಕಿ ಹಿಂದೆ ಸರಿದರೆ ಎಸ್‌ಡಿಎಲ್ 2 ಜಾಯ್‌ಸ್ಟಿಕ್‌ನ ಸುದ್ದಿ ಕೊಡುವುದನ್ನು ನಿಲ್ಲಿಸುತ್ತದೆ. ಹಿಂದೆ ಸರಿದಾಗಲೂ ಕೊಡು ಎಂದು ಮೊದಲೇ ಅದಕ್ಕೆ ಒಂದು ಹಿಂಟ್, ಅಂದರೆ ಸೂಚನೆ, ಕೊಟ್ಟಿಡಬಹುದು. ಎರಡನೆಯದು, ಒಬ್ಬ ಹುಡುಗನ ಕಾಲಿಗೆ ವೈರ್ ಸಿಕ್ಕಿ ಹುಟ್ಟು ಕಳಚಿತು. ಕಳಚಿದ ಸುದ್ದಿ ಬಂದ ಕೂಡಲೇ ಆ ಹುಟ್ಟಿನ ಬಟನ್, ವೇಗ, ಎಲ್ಲವನ್ನೂ ನಮ್ಮ ಪದರದಲ್ಲಿ ಸೊನ್ನೆ ಮಾಡಬೇಕು. ಇಲ್ಲದಿದ್ದರೆ ಹುಟ್ಟೇ ಇಲ್ಲದ ದೋಣಿ ಸುತ್ತುತ್ತಾ ಇರುತ್ತದೆ. ಮತ್ತೆ ಸಿಕ್ಕಿಸಿದಾಗ ಅದೇ ಹುಟ್ಟು ಹೊಸ ನಂಬರ್ ತೊಟ್ಟು ಬರುತ್ತದೆ. ಹಳೆ ನಂಬರನ್ನು ನಂಬಿ ಕೂರಬೇಡಿ.

ಪ್ರಶ್ನೆ ಉತ್ತರ

ಎರಡು ಮೌಸ್ ಸಿಕ್ಕಿಸಿ ಇಬ್ಬರು ಆಡಬಹುದೇ ಎಂದು ಒಬ್ಬರು ಕೇಳಿದರು. ಎಸ್‌ಡಿಎಲ್ 2ರಲ್ಲಿ ಸಾಮಾನ್ಯವಾಗಿ ಎರಡೂ ಸೇರಿ ಒಂದೇ ಮೌಸ್ ಆಗುತ್ತದೆ. 2025ರ ಜನವರಿಯಲ್ಲಿ ಬಂದ ಎಸ್‌ಡಿಎಲ್ 3ರಲ್ಲಿ ಯಾವ ಮೌಸ್, ಯಾವ ಕೀಬೋರ್ಡ್ ಎಂದು ತಿಳಿಯುವ ಗುರುತು ಸೇರಿಸಿದ್ದಾರೆ. ಲಿನಕ್ಸ್‌ನಲ್ಲಾದರೆ ಪ್ರತಿ ಸಾಧನಕ್ಕೂ ಒಂದೊಂದು ಫೈಲ್ ಇರುತ್ತದೆ. ಅದನ್ನು ನೇರ ಓದಿ ನಮ್ಮದೇ ಈವೆಂಟ್ ಮಾಡಬಹುದು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ವಿದ್ಯಾರ್ಥಿನಿಯದ್ದು. "ಸರ್, ಎರಡು ಹುಟ್ಟು ಇದ್ದರೆ ಎಡದ್ದು ಯಾವುದು, ಬಲದ್ದು ಯಾವುದು ಅಂತ ಆಟಕ್ಕೆ ಹೇಗೆ ಗೊತ್ತಾಗ್ತದೆ?"

ಗೊತ್ತಾಗುವುದಿಲ್ಲ ಎಂದೆ. ಒಂದೇ ಬಗೆಯ ಎರಡು ಬೋರ್ಡು. ಹೆಸರು ಒಂದೇ, ಗುರುತಿನ ಸಂಖ್ಯೆಯೂ ಒಂದೇ. ಯಾವುದನ್ನು ಮೊದಲು ಸಿಕ್ಕಿಸಿದೆವು, ಯಾವ ಪೋರ್ಟಿಗೆ ಸಿಕ್ಕಿಸಿದೆವು ಎನ್ನುವುದರ ಮೇಲೆ ಸರದಿ ಬದಲಾಗುತ್ತದೆ. ನಾನು ಎರಡು ವಾರ ಅದನ್ನು ಸಾಧನದಿಂದಲೇ ತಿಳಿಯಲು ನೋಡಿದೆ. ಆಮೇಲೆ ಬಿಟ್ಟೆ. ಈಗ ಆಟದ ಮೊದಲ ತೆರೆಯಲ್ಲಿ ಖಾಲಿ ದೋಣಿ ದಡಕ್ಕೆ ಕಟ್ಟಿ ನಿಂತಿರುತ್ತದೆ. "ಎಡಗಡೆ ಕೂತವರು ಒಂದು ಹುಟ್ಟು ಹಾಕಿ" ಎಂದು ಬರುತ್ತದೆ. ಯಾವ ನಂಬರಿನಿಂದ ಮೊದಲು ಸುದ್ದಿ ಬಂತೋ ಅದು ಎಡ. ಆಮೇಲೆ ಬಲಗಡೆಯವರಿಗೆ ಕೇಳುತ್ತದೆ. ಎರಡೂ ಬಿದ್ದ ಮೇಲೆ ಹಗ್ಗ ಬಿಚ್ಚಿಕೊಳ್ಳುತ್ತದೆ. ನಡುವೆ ವೈರ್ ಕಳಚಿದರೆ ದೋಣಿ ಅಲ್ಲೇ ಲಂಗರು ಹಾಕಿ, ಮತ್ತೆ ಅದೇ ಪ್ರಶ್ನೆ ಕೇಳುತ್ತದೆ.

ಬನ್ನಿ, ಇನ್ನೊಂದು ಹುಟ್ಟೂ ಬಸ್ಸಿನಲ್ಲಿ ಬಂದಿದೆ. ಇಬ್ಬರು ಮುಂದೆ ಬಂದರೆ ತದಡಿಯಿಂದ ಹೊರಡಬಹುದು.